ಕಾರ್ತಿಕದ ಬೆಳಕು: ಅರಸೀಕೆರೆಯಿಂದ ಬೇಲೂರಿಗೆ

ಕಾರ್ತಿಕವೆಂದರೆ ನಮ್ಮ ಜನಕ್ಕೆ ದೀಪಗಳ ಮಾಸ. ಮಳೆ ಹಿಂದೆಗೆದು, ಹೊಲದಲ್ಲಿ ರಾಗಿಯ ತೆನೆ ಬಲಿತು, ಸಂಜೆ ಬೇಗನೆ ಕವಿಯುವ ಈ ದಿನಗಳಲ್ಲಿ ಮನೆಯ ಹೊಸಿಲಿನಿಂದ ಹಿಡಿದು ಬೆಟ್ಟದ ನೆತ್ತಿಯ ಗುಡಿಯವರೆಗೆ ಹಣತೆಗಳು ಹೊತ್ತಿಕೊಳ್ಳುತ್ತವೆ. ಆದರೆ ಕೆಲವು ವರ್ಷಗಳಿಂದ ಈ ಬೆಳಕಿನ ಬಗೆಯೇ ಬದಲಾಗುತ್ತಿದೆ. ಹಣತೆಯ ಸ್ಥಾನದಲ್ಲಿ ಬಣ್ಣಬಣ್ಣದ ವಿದ್ಯುದ್ದೀಪಗಳ ಸರಗಳು, ಮಾವಿನ ತೋರಣದ ಸ್ಥಾನದಲ್ಲಿ ಪ್ಲಾಸ್ಟಿಕ್ ಹೂವಿನ ಮಾಲೆಗಳು, ತೆಂಗಿನ ಗರಿಯ ಚಪ್ಪರದ ಸ್ಥಾನದಲ್ಲಿ ಬಟ್ಟೆಯ ಶಾಮಿಯಾನ, ಗುಡಿಯ ಮುಂದೆ ಮಿನುಗುವ ಕಮಾನು. ಇವನ್ನು ಕಂಡು ಹಿಗ್ಗುವ ಭಕ್ತರಿದ್ದಾರೆ. ಮುಖ ಬಾಡಿಸಿಕೊಳ್ಳುವ ಭಕ್ತರೂ ಇದ್ದಾರೆ. ಒಂದೇ ಮನೆಯಲ್ಲಿ ಮೊಮ್ಮಗ ಹಿಗ್ಗಿದರೆ ಅಜ್ಜಿ ನಿಟ್ಟುಸಿರಿಡುತ್ತಾಳೆ. ಎಷ್ಟೋ ವೇಳೆ ಒಬ್ಬರ ಮನಸ್ಸಿನಲ್ಲಿಯೇ ಎರಡು ಭಾವಗಳೂ ಒಟ್ಟಿಗಿರುತ್ತವೆ. ಈ ಹೊಸ ಅಲಂಕಾರ ಭಕ್ತಿಯ ಬೆಳವಣಿಗೆಯೋ, ಭಕ್ತಿಯ ಸವಕಳಿಯೋ ಎಂದು ಕೆಲವು ಮನೆಗಳವರು ನಮ್ಮನ್ನು ಕೇಳಿದ್ದುಂಟು. ಕುಳಿತಲ್ಲಿಯೇ ಉತ್ತರ ಹೇಳುವುದಕ್ಕಿಂತ ಕಣ್ಣಾರೆ ಕಂಡು ಹೇಳುವುದು ಲೇಸೆಂದು ಭಾವಿಸಿ, 2024ರ ಕಾರ್ತಿಕದಲ್ಲಿ ನಾವು ಅರಸೀಕೆರೆ, ಹಳೇಬೀಡು, ಬೇಲೂರುಗಳ ಕಡೆ ನಾಲ್ಕು ದಿನಗಳ ಪ್ರವಾಸ ಕೈಗೊಂಡೆವು.

ಅರಸೀಕೆರೆ ತೆಂಗಿನ ನಾಡು. ರೈಲು ನಿಲ್ದಾಣದಿಂದ ಹೊರಬಂದು ಯಾವ ದಿಕ್ಕಿಗೆ ಹೊರಟರೂ ತೆಂಗಿನ ತೋಟಗಳೇ ಎದುರಾಗುತ್ತವೆ. ಊರಿನ ವ್ಯಾಪಾರವೆಲ್ಲ ತೆಂಗು ಮತ್ತು ಕೊಬ್ಬರಿಯನ್ನು ನೆಚ್ಚಿದೆ. ಹೀಗಾಗಿ ಈ ಸೀಮೆಯ ಉತ್ಸವಗಳ ಅಲಂಕಾರವೂ ತೆಂಗಿನಿಂದಲೇ ಹುಟ್ಟಿದ್ದು. ಹಸಿ ಗರಿಯನ್ನು ಹೆಣೆದು ಚಪ್ಪರ ಹಾಕುವುದು, ಎಳೆಯ ಗರಿಯನ್ನು ಮಡಿಚಿ ಗಿಳಿ, ಹೂವುಗಳ ಆಕಾರ ಮಾಡಿ ತೂಗುಬಿಡುವುದು, ಕಂಬಗಳಿಗೆ ಬಾಳೆಯ ಗಿಡ ಕಟ್ಟಿ ಹೊಂಬಾಳೆ ಸಿಕ್ಕಿಸುವುದು ಇಲ್ಲಿನ ಹಿರಿಯರಿಗೆ ಕೈಗೆ ಬಂದ ವಿದ್ಯೆಗಳು. ಇವು ಮೂರು ದಿನಕ್ಕೆ ಬಾಡುತ್ತವೆ. ಆ ಬಾಡುವಿಕೆಯೂ ಉತ್ಸವದ ಒಂದು ಭಾಗವೇ ಆಗಿತ್ತು. ಬಾಡಿದ್ದು ತಿಪ್ಪೆಗೆ ಸೇರಿ ಗೊಬ್ಬರವಾಗಿ ಮತ್ತೆ ತೋಟಕ್ಕೇ ಮರಳುತ್ತಿತ್ತು. ಇಂದಿನ ಪ್ಲಾಸ್ಟಿಕ್ ಹೂವು ಬಾಡುವುದಿಲ್ಲ, ಮರಳುವುದೂ ಇಲ್ಲ. 2016ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ಬಂಟಿಂಗುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೊಳಗಾದ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಕೂಡ ಸೇರಿದೆ. ಕಾನೂನು ಹೀಗಿದ್ದರೂ ಉತ್ಸವದ ಮರುದಿನ ಬೆಳಗ್ಗೆ ಗುಡಿಯ ಹಿಂಬದಿಯನ್ನು ನೋಡಿದವರಿಗೆ ನಡೆಯುತ್ತಿರುವುದೇನೆಂದು ಬೇರೆ ಹೇಳಬೇಕಿಲ್ಲ.

ಊರಿನ ಈಶ್ವರ ದೇವಾಲಯವನ್ನು ಜನರು ಶಿವಾಲಯವೆಂದೇ ಕರೆಯುತ್ತಾರೆ. 1220ರ ಸುಮಾರಿನ ಹೊಯ್ಸಳ ಕಟ್ಟಡವಿದು. ನಕ್ಷತ್ರಾಕಾರದ ಇದರ ಮುಖಮಂಟಪ ಹೊಯ್ಸಳ ಶಿಲ್ಪದಲ್ಲಿಯೇ ಅಪರೂಪವಾದದ್ದು. ಅದರ ಗುಮ್ಮಟದಂತಹ ಒಳಮಾಳಿಗೆಯ ಕೆಳಗೆ ಸಂಜೆಯ ಹೊತ್ತು ನಿಂತರೆ ಸುತ್ತಲಿಂದಲೂ ಬೆಳಕು ಬಾಗಿ ಒಳಬರುವುದನ್ನು ಕಾಣಬಹುದು. ಆ ಮಂಟಪಕ್ಕೆ ಬೇರೆ ಅಲಂಕಾರವೇ ಬೇಡವೆನಿಸುತ್ತದೆ. ಶಿಲ್ಪಿಯು ಕಲ್ಲಿನಷ್ಟೇ ಶ್ರದ್ಧೆಯಿಂದ ಬೆಳಕನ್ನೂ ಕಡೆದಿದ್ದಾನೆಂಬ ಮಾತು ನಮಗೆ ಮೊದಲು ಹೊಳೆದದ್ದು ಅಲ್ಲಿಯೇ.

ನವೆಂಬರ್ 15, ಕಾರ್ತಿಕದ ಹುಣ್ಣಿಮೆ. ಅಂದು ಸಂಜೆ ಯಾದಾಪುರದ ಬಳಿಯ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟಕ್ಕೆ ಹೋದೆವು. ಹುಣ್ಣಿಮೆಗೆ ಈ ಬೆಟ್ಟವೇರುವುದು ಸುತ್ತಲಿನ ಜನರಿಗೆ ನಡೆದುಬಂದ ವ್ರತ. ಎಳೆಯ ಮಕ್ಕಳನ್ನು ಹೆಗಲಮೇಲೆ ಹೊತ್ತವರು, ಕೋಲೂರಿ ನಡೆಯುವವರು, ಹರಕೆ ಹೊತ್ತ ಹೆಣ್ಣುಮಕ್ಕಳು ಒಂದೇ ಸಾಲಿನಲ್ಲಿ ಮೆಟ್ಟಿಲೇರುತ್ತಾರೆ. ದಾರಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರನ್ನು ಮಾತನಾಡಿಸಿದೆವು. "ಬೆಳದಿಂಗಳಲ್ಲಿ ಹತ್ತುವ ಸೊಗಸು ಲೈಟಿನಲ್ಲಿ ಇಲ್ಲ, ಅಯ್ನೋರೆ. ಆದರೆ ಮೋಡ ಕವಿದ ರಾತ್ರಿ ಕಾಲಿಗೆ ಮೆಟ್ಟಿಲು ಕಾಣಬೇಕಲ್ಲ? ನನ್ನ ಹೆಂಡತಿಗೆ ಮಂಡಿ ನೋವು. ಲೈಟಿಲ್ಲದಿದ್ದರೆ ಅವಳು ಸ್ವಾಮಿಯ ಮುಖವನ್ನೇ ನೋಡುವ ಹಾಗಿರಲಿಲ್ಲ" ಎಂದರು. ಹೊಸದನ್ನೆಲ್ಲ ಹೀಗಳೆಯುವವರು ಈ ಮಾತನ್ನು ಗಮನಿಸಬೇಕು. ದಾರಿಯನ್ನು ತೋರುವ ಬೆಳಕು ಬೇರೆ. ತನ್ನನ್ನೇ ತೋರಿಸಿಕೊಳ್ಳುವ ಬೆಳಕು ಬೇರೆ. ಮೊದಲನೆಯದು ಸೇವೆ. ಅದು ಎಣ್ಣೆಯದೇ ಆಗಲಿ, ವಿದ್ಯುತ್ತಿನದೇ ಆಗಲಿ, ವ್ಯತ್ಯಾಸವಿಲ್ಲ.

ಮರುದಿನ ಬಾಣಾವರ, ಜಾವಗಲ್ಲುಗಳ ಮಾರ್ಗವಾಗಿ ಹಳೇಬೀಡಿಗೆ ಹೊರಟೆವು. ಬಸ್ಸಿನಲ್ಲಿ ಮಾತೆಲ್ಲ ಹಾಸನಾಂಬೆಯದೇ ಆಗಿತ್ತು. ಆಶ್ವಯುಜದಲ್ಲಿ ತೆರೆದು ದೀಪಾವಳಿಯ ಬಲಿಪಾಡ್ಯಮಿಯಾದೊಡನೆ ಮುಚ್ಚುವ ಹಾಸನದ ಆ ಗುಡಿಗೆ ಈಚಿನ ವರ್ಷಗಳಲ್ಲಿ ಹೂವಿನ ಭಾರೀ ಅಲಂಕಾರ, ನಗರಕ್ಕೆಲ್ಲ ದೀಪಾಲಂಕಾರ ನಡೆಯುತ್ತಿವೆ. "ದೇವಲೋಕದ ಹಾಗಿತ್ತು" ಎಂದು ಒಬ್ಬ ತಾಯಿ ಹೇಳಿದರೆ, "ದೇವಿಯನ್ನು ನೋಡಲು ಹೋದೆ, ಹೂವಿನ ಜೊತೆ ಫೋಟೋ ತೆಗೆಸಿಕೊಂಡು ಬಂದೆ" ಎಂದು ಅವರ ಪಕ್ಕದಲ್ಲಿದ್ದ ತಂಗಿ ನಕ್ಕರು. ಎರಡೂ ನಿಜವಾದ ಮಾತುಗಳೇ. ಸೇವಂತಿಗೆ, ಚೆಂಡು ಹೂ ಬೆಳೆದ ರೈತನ ಮನೆಗೆ ಆ ಅಲಂಕಾರದಿಂದ ನಾಲ್ಕು ಕಾಸು ಬರುತ್ತದೆಂಬುದನ್ನೂ ಮರೆಯುವಂತಿಲ್ಲ.

ಹಳೇಬೀಡು ಅಂದಿನ ದೋರಸಮುದ್ರ. ಹೊಯ್ಸಳೇಶ್ವರ ದೇವಾಲಯದ ನಿರ್ಮಾಣ ಆರಂಭವಾದದ್ದು 1121ರಲ್ಲಿ. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗರ್ಭಗುಡಿಗಳು, ಎರಡು ನಂದಿಮಂಟಪಗಳು. ಗೋಡೆಯ ತುಂಬ ಆನೆ, ಕುದುರೆ, ಲತೆ, ಪುರಾಣಕಥೆಗಳ ಸಾಲುಗಳು. 1311ರಲ್ಲಿ ಮಲಿಕ್ ಕಾಫರನ ದಂಡಯಾತ್ರೆಯಿಂದ ಈ ರಾಜಧಾನಿ ನಲುಗಿತು. ಆದರೂ ಉಳಿದದ್ದೇ ಲೋಕದ ಬೆರಗಿಗೆ ಸಾಕಾಗಿದೆ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಂದಿನಿಂದ ಇಲ್ಲಿಯೂ ಹೊಸ ಅಲಂಕಾರದ ಆಸೆ ಚಿಗುರಿದೆ. ರಾತ್ರಿಯೂ ಗುಡಿಯನ್ನು ಬಣ್ಣದ ದೀಪಗಳಲ್ಲಿ ಬೆಳಗಿಸಬೇಕು, ಆಗ ಪ್ರವಾಸಿಗರು ತಂಗುತ್ತಾರೆ, ಊರಿಗೆ ವ್ಯಾಪಾರವಾಗುತ್ತದೆ ಎಂದು ನಾವು ಮಾತನಾಡಿಸಿದ ಅಂಗಡಿಯವರೊಬ್ಬರು ವಾದಿಸಿದರು. ಊರಿನ ಜನ ಬದುಕಬೇಕೆಂಬ ಅವರ ಮಾತನ್ನು ತಳ್ಳಿಹಾಕಲಾಗದು.

ಆದರೆ ಈ ಕಲ್ಲಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಚಿನ್ನದ ಒಡವೆಯಷ್ಟು ನಯವಾದ ಕೆತ್ತನೆ ಸಾಧ್ಯವಾಯಿತು. ಇಂತಹ ಕೆತ್ತನೆಯ ಬಿರುಕುಗಳಲ್ಲಿ ಎಣ್ಣೆಯ ಜಿಡ್ಡು, ಮಸಿ ಕೂತರೆ ತೆಗೆಯುವುದು ಕಷ್ಟ. ಮೊಳೆ ಹೊಡೆದು ತಂತಿ ಕಟ್ಟಿದರೆ ಆಗುವ ಗಾಯವನ್ನಂತೂ ತುಂಬಲಾಗದು. ಹಣತೆಯವರೂ ವಿದ್ಯುದ್ದೀಪದವರೂ ಇಲ್ಲಿ ಸಮಾನವಾಗಿ ಎಚ್ಚರ ವಹಿಸಬೇಕು. ಇನ್ನೊಂದು ಸಂಗತಿಯನ್ನು ನಾವು ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲಿಯೇ ಇದ್ದು ನೋಡಿದೆವು. ಎಳೆಬಿಸಿಲು ಓರೆಯಾಗಿ ಬಿದ್ದಾಗ ಪ್ರತಿಯೊಂದು ಮಣಿಯ, ಪ್ರತಿಯೊಂದು ಬೆರಳಿನ ನೆರಳು ಮೂಡಿ ಶಿಲ್ಪ ಉಸಿರಾಡುವಂತೆ ಕಾಣುತ್ತದೆ. ಬಿಸಿಲು ನೆತ್ತಿಗೇರಿದಂತೆ ಆ ಜೀವಕಳೆ ಕುಗ್ಗುತ್ತದೆ. ಉಬ್ಬುಶಿಲ್ಪಕ್ಕೆ ರೂಪ ಕೊಡುವುದು ನೆರಳು. ಎದುರಿನಿಂದ ಪ್ರಖರವಾದ ದೀಪ ಹಾಯಿಸಿದರೆ ನೆರಳೆಲ್ಲ ಅಳಿದು ಗೋಡೆ ಚಪ್ಪಟೆಯಾಗುತ್ತದೆ. ಕೆಂಪು, ನೀಲಿ ಬಣ್ಣ ಬೆರೆತರೆ ಕಲ್ಲಿನ ಸಹಜ ಕಾಂತಿಯೂ ಮರೆಯಾಗುತ್ತದೆ. ಬೆಳಗುತ್ತೇವೆಂದು ಹೊರಟು ಅಡಗಿಸಿದಂತಾಗುತ್ತದೆ.

ಹಳೇಬೀಡಿನಲ್ಲಿ ನಿಂತಾಗ ನಮಗೆ ಹರಿಹರ ಮಹಾಕವಿಯ ನೆನಪಾಗದಿರಲಿಲ್ಲ. ರಗಳೆಗಳ ಕವಿ ಹರಿಹರನು ಇದೇ ದೋರಸಮುದ್ರದ ನರಸಿಂಹ ಬಲ್ಲಾಳನ ಆಸ್ಥಾನದಲ್ಲಿ ಕರಣಿಕನಾಗಿದ್ದು, ಆ ಹುದ್ದೆಯನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಹೊರಟನೆಂದು ನಮ್ಮ ಪರಂಪರೆ ಹೇಳುತ್ತದೆ. ಅರಮನೆಯ ಲೆಕ್ಕ ಬರೆದ ಕೈ ಹೂ ಬಿಡಿಸುವ ಕೈಯಾಯಿತು. ಹೂದೋಟಕ್ಕೆ ಹೋಗಿ, ಹೂಗಳನ್ನು ಮಾತನಾಡಿಸಿ, ನೋಯದಂತೆ ಬಿಡಿಸಿ, ತಾನೇ ಕಟ್ಟಿ ವಿರೂಪಾಕ್ಷನಿಗೆ ಏರಿಸುವ ಸಂಭ್ರಮವನ್ನು ಅವನ ಪುಷ್ಪರಗಳೆಯಲ್ಲಿ ಓದಬಹುದು. ಅಲಂಕಾರವೆಂದರೆ ಕೇವಲ ಆಡಂಬರವೆಂದು ತಿಳಿದವರು ಆ ರಗಳೆಯನ್ನೊಮ್ಮೆ ಓದಬೇಕು. ಇನ್ನೊಂದೆಡೆ ಬಸವಣ್ಣನವರು ದೇಹವನ್ನೇ ದೇಗುಲವಾಗಿ ಕಂಡು, ಸ್ಥಾವರಕ್ಕೆ ಅಳಿವಿದೆಯೆಂದೂ ಜಂಗಮಕ್ಕೆ ಅಳಿವಿಲ್ಲವೆಂದೂ ಸಾರಿದರು. ಆ ವಚನ ಬಾಯಿಗೆ ಬಾರದ ಲಿಂಗಾಯತ ಮನೆಯಿಲ್ಲವಾದ್ದರಿಂದ ಅದನ್ನು ಇಲ್ಲಿ ಉದ್ಧರಿಸಬೇಕಿಲ್ಲ. ಹೀಗೆ ಅಲಂಕಾರದ ಬಗೆಗಿನ ಎರಡು ಮನಸ್ಸು ನಮಗೆ ಇಂದು ಬಂದದ್ದಲ್ಲ. ಒಂದೇ ಪರಂಪರೆಯ ಎರಡು ಕಣ್ಣುಗಳವು. ಬಸವಣ್ಣನವರ ಎಚ್ಚರವೂ ಬೇಕು, ಹರಿಹರನ ಹೂವೂ ಬೇಕು. ಇಬ್ಬರೂ ಒಪ್ಪದಿರುವುದು ಒಂದನ್ನೇ: ತನ್ನ ಕೈಯೂ ಮನಸ್ಸೂ ಸೋಕದೆ ದುಡ್ಡಿನಿಂದ ಮಾತ್ರ ನಡೆಯುವ ಪೂಜೆಯನ್ನು.

ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚನ್ನಕೇಶವನಿಗೆ ಇಲ್ಲಿ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಹಾಗಾಗಿ ಹಳೇಬೀಡಿಗಿಂತ ಇಲ್ಲಿಯ ಪ್ರಶ್ನೆ ಹೆಚ್ಚು ತೊಡಕಿನದು. ಇದು ಸಂರಕ್ಷಿತ ಸ್ಮಾರಕವೂ ಹೌದು, ಬಾಳುತ್ತಿರುವ ಗುಡಿಯೂ ಹೌದು. ನಮ್ಮ ಶರಣಪರಂಪರೆಗೂ ಈ ಊರಿಗೂ ನಂಟುಂಟು. ದೋರಸಮುದ್ರದ ಮಂತ್ರಿಯಾಗಿದ್ದ ಪದ್ಮರಸರು ಬೇಲೂರಿನಲ್ಲಿ ಕೆರೆ ಕಟ್ಟಿಸಿ ಕೆರೆಯ ಪದ್ಮರಸರೆನಿಸಿಕೊಂಡರು. ಕೆರೆ ಯಾರ ಕಣ್ಣನ್ನೂ ಕೋರೈಸುವುದಿಲ್ಲ. ಆದರೆ ಊರಿಗೆ ಅದಕ್ಕಿಂತ ದೊಡ್ಡ ಒಡವೆ ಇನ್ನೊಂದಿಲ್ಲ.

ಬೇಲೂರಿನ ಪ್ರಾಕಾರದಲ್ಲಿ ಸುಮಾರು 42 ಅಡಿ ಎತ್ತರದ ಒಂದು ಕಲ್ಲಿನ ಕಂಬವಿದೆ. ತಳಪಾಯವಿಲ್ಲದೆ ತನ್ನ ಭಾರದಿಂದಲೇ ಜಗಲಿಯ ಮೇಲೆ ನಿಂತಿರುವುದೆಂದು ಪ್ರವಾಸಿಗರು ಅದರ ಬುಡಕ್ಕೆ ಕಾಗದ ತೂರಿಸಿ ನೋಡಿ ಬೆರಗಾಗುತ್ತಾರೆ. ಆದರೆ ಅದರ ಹೆಸರನ್ನು ಕೇಳುವವರು ಕಡಿಮೆ. ಅದು ಕಾರ್ತಿಕ ದೀಪೋತ್ಸವದ ಕಂಬ. ಋತುವಿಗೊಮ್ಮೆ ಬರುವ ಬೆಳಕಿಗಾಗಿ ನಮ್ಮ ಹಿರಿಯರು ಕಲ್ಲಿನಲ್ಲಿ ಶಾಶ್ವತವಾದ ನೆಲೆ ಮಾಡಿಟ್ಟರು. ದೀಪ ಮಾತ್ರ ಬಂದುಹೋಗತಕ್ಕದ್ದು. ದೇವಾಲಯದ ಒಳಗೆ ಎರಡನೆಯ ವೀರಬಲ್ಲಾಳನ ಕಾಲದಲ್ಲಿ ಸೇರಿಸಿದ ಜಾಲಂದ್ರಗಳಿಂದ ಬೆಳಕು ಸೋಸಿ ಬರುತ್ತದೆ. ಕಡೆದ ಕಂಬಗಳ ನುಣುಪಿನ ಮೇಲೆ ಆ ಮಂದ ಬೆಳಕು ಜಾರುವುದನ್ನು ನೋಡುತ್ತ ನಿಂತೆವು. ಕಣ್ಣು ಕತ್ತಲೆಗೆ ಒಗ್ಗಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತು ಕಾದವನಿಗೆ ಮಾತ್ರ ಗುಡಿ ಕಾಣಿಸುತ್ತದೆ. ಹೊಸ ಅಲಂಕಾರಗಳು ಕಾಯುವ ಈ ಅಭ್ಯಾಸವನ್ನೇ ನಮ್ಮಿಂದ ಕಸಿಯುತ್ತಿವೆಯೇನೋ ಎಂಬ ಅಳುಕು ಅಲ್ಲಿ ನಮ್ಮನ್ನು ಕಾಡಿತು.

ಇದು ನಮ್ಮ ನಾಡಿಗೆ ಮಾತ್ರ ಬಂದ ಇಕ್ಕಟ್ಟಲ್ಲ. ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ 1852ರ ಡಿಸೆಂಬರ್ 8ರಂದು ಬೆಟ್ಟದ ಮೇಲೆ ಮೇರಿ ಮಾತೆಯ ಪ್ರತಿಮೆಯ ಉತ್ಸವವಿತ್ತು. ಬಿರುಗಾಳಿಯ ಭಯದಿಂದ ಸಮಾರಂಭ ನಿಲ್ಲುವಂತಾದಾಗ, ಆಕಾಶ ತಿಳಿಯಾಗುತ್ತಲೇ ಜನರು ತಾವಾಗಿಯೇ ತಮ್ಮ ತಮ್ಮ ಕಿಟಕಿಗಳಲ್ಲಿ ಮೇಣದ ದೀಪ ಹಚ್ಚಿಟ್ಟರು. ಅದು ವರ್ಷವರ್ಷದ ಸಂಪ್ರದಾಯವಾಯಿತು. ಇಂದು ಅದು ದೊಡ್ಡ ಕಟ್ಟಡಗಳ ಮೇಲೆ ಬಣ್ಣದ ಚಿತ್ರಗಳನ್ನು ಹಾಯಿಸುವ, ಲಕ್ಷಾಂತರ ಪ್ರವಾಸಿಗರು ಸೇರುವ ಬೆಳಕಿನ ಉತ್ಸವ. ಹಾಗಿದ್ದೂ ಅಲ್ಲಿಯ ಎಷ್ಟೋ ಮನೆಗಳು ಆ ರಾತ್ರಿ ಕಿಟಕಿಯಲ್ಲಿ ಪುಟ್ಟ ದೀಪವಿಡುವುದನ್ನು ಬಿಟ್ಟಿಲ್ಲ. ದೊಡ್ಡ ಬೆಳಕು ಬಂದಾಗ ಮನೆಯ ದೀಪ ಆರಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಇದು ಸಾಕ್ಷಿ.

ನಾಲ್ಕನೆಯ ದಿನ, ಕಾರ್ತಿಕದ ಮೂರನೆಯ ಸೋಮವಾರ, ಅರಸೀಕೆರೆ ತಾಲ್ಲೂಕಿನ ಒಂದು ಗ್ರಾಮಕ್ಕೆ ನಮ್ಮನ್ನು ಕರೆದಿದ್ದರು. ಅದರ ಹೆಸರು ಇಲ್ಲಿ ಬೇಡ. ಇಂತಹ ಗ್ರಾಮಗಳು ಇಂದು ನಾಡಿನ ತುಂಬ ಇವೆ. ಅಲ್ಲಿಯ ವೀರಭದ್ರಸ್ವಾಮಿಯ ಗುಡಿಯ ಮುಂದೆ ಒಂದು ದೀಪಮಾಲೆಯ ಕಂಬ. ಕಾರ್ತಿಕದ ಸೋಮವಾರಗಳಂದು ಮನೆಮನೆಯವರು ಸರದಿಯಂತೆ ಎಣ್ಣೆ ತಂದು ಅದನ್ನು ಬೆಳಗುವುದು ವಾಡಿಕೆಯಾಗಿತ್ತು. ಮೂರು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ದುಡಿಯುವ ಊರಿನ ಯುವಕರು ಹಣ ಕೂಡಿಸಿ ಗುಡಿಗೆಲ್ಲ ಎಲ್‌ಇಡಿ ದೀಪದ ಸರ ಹಾಕಿಸಿದರು. ಎಣ್ಣೆಯ ಸರದಿ ನಿಂತಿತು. ಮುಂದಿನ ವರ್ಷ ಏನು ಮಾಡಬೇಕೆಂದು ಅಂದು ಸಂಜೆ ಊರಿನವರು ಸೇರಿದ್ದರು.

ವಯಸ್ಸಾದ ಒಬ್ಬ ತಾಯಿ ಎದ್ದು ನಿಂತು ಹೇಳಿದರು: "ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಮ್ಮ ಹೊಲದ ಬದುವಿನ ಹರಳು ಕಾಯಿಸಿ ಎಣ್ಣೆ ತೆಗೆದು ಕಂಬಕ್ಕೆ ತಂದೆ, ಅಯ್ನೋರೆ. ಈಗ ಎಣ್ಣೆ ಬೇಡ ಅಂದರು. ನಾನು ಗುಡಿಗೆ ಬಂದು ಏನು ಮಾಡಲಿ? ನೋಡಿಕೊಂಡು ಹೋಗಲಾ?" ಅವರ ಮಾತಿಗೆ ಸಭೆ ತಲೆ ತಗ್ಗಿಸಿತು. ಆಗ ಯುವಕನೊಬ್ಬ ನಮ್ರವಾಗಿಯೇ ಎದ್ದನು. "ಅಜ್ಜಿ, ನಿಮಗೆ ಹೊಲ ಇತ್ತು, ಹರಳು ಇತ್ತು. ನನಗೆ ಸೋಮವಾರ ರಜೆಯೂ ಇಲ್ಲ. ರಾತ್ರಿ ಪಾಳಿಯಲ್ಲಿ ದುಡಿದ ದುಡ್ಡು ಕಳಿಸಿದ್ದೇನೆ. ಅದು ನನ್ನ ಎಣ್ಣೆ ಅಲ್ಲವಾ?" ಎಂದನು. ಈ ಪ್ರಶ್ನೆಗೂ ಯಾರೂ ಉತ್ತರ ಕೊಡಲಿಲ್ಲ. ನಿಜ ಹೇಳಬೇಕೆಂದರೆ ಆ ಯುವಕನ ಮಾತಿನಲ್ಲಿಯೂ ಕಾಯಕವಿತ್ತು. ಊರು ಬಿಟ್ಟವನಿಗೆ ಊರಿನ ಗುಡಿಯಲ್ಲಿ ತನ್ನದೊಂದು ಬೆಳಕು ಇರಬೇಕೆಂಬ ಹಂಬಲವನ್ನು ಆಡಂಬರವೆಂದು ಕರೆಯುವುದು ನ್ಯಾಯವಲ್ಲ.

ನಮ್ಮನ್ನು ಎರಡು ಮಾತು ಹೇಳಿರೆಂದು ಕೇಳಿದಾಗ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೆನಪಿಸಿದೆವು. ಗಂಡ ಮಾರಯ್ಯನವರು ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ತಾಯಿ ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಅಕ್ಕಿ ಕೆಟ್ಟದ್ದೆಂದಲ್ಲ, ಅಳತೆ ಮೀರಿತೆಂದು. ಬೆಳಕಿಗೂ ಅಂತಹ ಅಳತೆಯುಂಟು. ಕಾಲಿಗೆ ದಾರಿ ಕಾಣುವಷ್ಟು, ಹೆಣ್ಣುಮಕ್ಕಳು ನಿರ್ಭಯವಾಗಿ ಬಂದು ಹೋಗುವಷ್ಟು ವಿದ್ಯುದ್ದೀಪವಿರಲಿ. ಕಂಬ ಮನೆಮನೆಯ ಎಣ್ಣೆಗೆ ಉಳಿಯಲಿ. ಊರಿಂದ ಹೊರಗಿರುವವರ ಪಾಲಿನ ಹಣತೆಯನ್ನು ಅವರ ಹೆಸರು ಹೇಳಿ ಮನೆಯವರು ಹಚ್ಚಲಿ. ಕಲ್ಲಿಗೆ ಮೊಳೆ ಬೇಡ. ಉಳಿದ ಹಣ ದಾಸೋಹಕ್ಕೆ ಸಲ್ಲಲಿ. ಇಷ್ಟನ್ನೇ ಹೇಳಿದೆವು. ಚರ್ಚೆ ಬಹಳ ಹೊತ್ತು ನಡೆಯಿತು. 2025ರ ಕಾರ್ತಿಕದಲ್ಲಿ ಕಂಬಕ್ಕೆ ಎಣ್ಣೆಯ ಸರದಿ ಮತ್ತೆ ಆರಂಭವಾಯಿತೆಂದೂ, ಬಾಗಿಲಿನ ಮಿನುಗುವ ಕಮಾನು ಮಾತ್ರ ಹಾಗೆಯೇ ಬಂದು ನಿಂತಿತೆಂದೂ ಆಮೇಲೆ ತಿಳಿಯಿತು. ಊರಿನ ಮಕ್ಕಳಿಗೆ ಆ ಕಮಾನು ಬೇಕಂತೆ. ಇರಲಿ.

ಸದ್ಭಕ್ತ ಬಂಧುಗಳೇ, ಹಳೆಯದೆಲ್ಲ ಭಕ್ತಿ, ಹೊಸದೆಲ್ಲ ಬೆಡಗು ಎಂಬ ವಿಭಾಗ ಸರಿಯಲ್ಲ. ಹಣತೆಯೂ ಒಂದು ಕಾಲಕ್ಕೆ ಹೊಸದಾಗಿತ್ತು. ಅಲಂಕಾರವನ್ನು ಅಳೆಯಲು ನಮಗೆ ತೋರಿದ ಅಳತೆಗೋಲುಗಳು ಮೂರು. ಅದು ಯಾವುದನ್ನು ಅಲಂಕರಿಸುತ್ತದೆಯೋ ಅದನ್ನು ತೋರಿಸುತ್ತದೆಯೋ, ಮರೆಸುತ್ತದೆಯೋ? ಅದರಲ್ಲಿ ಎಷ್ಟು ಕೈಗಳ ಕಾಯಕ ಸೇರಿದೆ? ಹಬ್ಬ ಮುಗಿದ ಮರುದಿನ ಅದು ಏನನ್ನು ಬಿಟ್ಟುಹೋಗುತ್ತದೆ, ಗೊಬ್ಬರವನ್ನೋ, ಕಸವನ್ನೋ? ಈ ಮೂರನ್ನೂ ಕೇಳಿಕೊಂಡ ಊರು ಎಣ್ಣೆ ಹಚ್ಚಿದರೂ ಸರಿಯೇ, ಗುಂಡಿ ಒತ್ತಿದರೂ ಸರಿಯೇ.

ಕರಸ್ಥಲದಲ್ಲಿ ಇಷ್ಟಲಿಂಗವನ್ನು ಹಿಡಿದು ಪೂಜೆಗೆ ಕುಳಿತವರೆಲ್ಲರ ಅನುಭವದ ಮಾತೊಂದುಂಟು. ಆ ಕಪ್ಪು ಕಾಂತಿಯ ಮೇಲೆ ಒಂದು ಸಣ್ಣ ದೀಪದ ಬೆಳಕು ಬಿದ್ದರೆ ಒಂದು ಬಿಂದು ಮೂಡುತ್ತದೆ. ದೃಷ್ಟಿ ಅಲ್ಲಿ ನೆಲೆಗೊಳ್ಳುತ್ತದೆ. ಹತ್ತು ದೀಪಗಳಿದ್ದರೆ ಹತ್ತು ಬಿಂದುಗಳು ಮೂಡಿ ದೃಷ್ಟಿ ಚದುರುತ್ತದೆ. ಮುಂದಿನ ಕಾರ್ತಿಕದಲ್ಲಿ ನಿಮ್ಮ ಊರಿನ ಗುಡಿಗೆ ಎಷ್ಟು ದೀಪಗಳು ಬೇಕೆಂದು ಸಭೆ ಸೇರಿದಾಗ, ಮನೆಯ ಹಿರಿಯರನ್ನೂ ದೂರದಲ್ಲಿ ದುಡಿಯುವ ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡು ಮಾತನಾಡಿರಿ. ಅಲಂಕಾರದ ಮೊದಲ ದೀಪ ಆ ಮಾತುಕತೆಯಲ್ಲಿಯೇ ಹೊತ್ತಲಿ. ಶರಣು ಶರಣಾರ್ಥಿ.